ಸ್ಕೈಲ್ಯಾಬ್ ಬಿದ್ದ ಮೇಲಿನ ರಾಜ್ಯ

ಗಬ್ಬೂರಿನಿಂದ ದೇವದುರ್ಗದ ಕಡೆ ಬಸ್ಸಿನಲ್ಲಿ ಹೊರಟರೆ ನಡುವೆ ಒಂದು ಊರು ಸಿಗುತ್ತದೆ. ಹೆಸರು ಬೇಡ, ಅಲ್ಲಿ ಇನ್ನೂ ಸಿಟ್ಟಿನ ಜನ ಇದ್ದಾರೆ. ಆ ಊರಿಗೆ ಸಿಹಿನೀರಿನ ಸೇದಬಾವಿ ಒಂದೇ. ಮಲ್ಲಟದಿಂದ ಸೊಸೆಯಾಗಿ ಬಂದ ದಿನದಿಂದಲೂ ಗೋಪಮ್ಮ ಆ ಬಾವಿಯ ಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು ನಿಂತವಳು. ಕೇರಿಯ ಹೆಂಗಸರು ಹಗ್ಗ ಮುಟ್ಟುವಂತಿರಲಿಲ್ಲ. ಮೇಲಿನ ಓಣಿಯವರು ಯಾರಾದರೂ ಬಂದು, ತಮ್ಮದು ತುಂಬಿಕೊಂಡು, ಮನಸ್ಸು ಬಂದರೆ ಇವರ ಕೊಡಕ್ಕೂ ಮೇಲಿನಿಂದ ನೀರು ಸುರಿಯಬೇಕು. ಮನಸ್ಸು ಬರದಿದ್ದರೆ ನಿಂತೇ ಇರಬೇಕು. ಹಾಗೆ ತಡೆಯಬಾರದೆಂಬ ಕಾನೂನು ದೇವದುರ್ಗದ ಕಚೇರಿಯಲ್ಲಿತ್ತು, ಹಗ್ಗ ಊರಲ್ಲಿತ್ತು. ಆ ಹಗ್ಗವನ್ನು ತನ್ನ ಕೈಯಾರೆ ಎಳೆಯಬೇಕು, ಅದೂ ಎಲ್ಲರ ಕಣ್ಣೆದುರು ಎಳೆಯಬೇಕು ಎಂಬುದೊಂದೇ ಗೋಪಮ್ಮನ ಆಸೆ. ಆ ಆಸೆಯನ್ನು ಅವಳು ಯಾವ ದೇವರಿಗೂ ಹೇಳಿರಲಿಲ್ಲ. ದೇವರ ಗುಡಿಯೂ ಮೇಲಿನ ಓಣಿಯಲ್ಲೇ ಇತ್ತು.

ದಾರಿ ಸಿಕ್ಕಿದ್ದು ಒಂದು ಆಟದಿಂದ. ಆಟ ಹುಟ್ಟಿದ್ದು ಸ್ಕೈಲ್ಯಾಬಿನಿಂದ.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ, ಅಮೆರಿಕದವರು ಆಕಾಶಕ್ಕೆ ಹಾರಿಸಿದ್ದ ಆ ಲೋಹದ ಮನೆ ಕೆಟ್ಟು ಭೂಮಿಗೆ ಬೀಳುತ್ತದೆಂದು ರೇಡಿಯೋ ಹೇಳಿತು. ಎಲ್ಲಿ ಬೀಳುತ್ತದೆಂದು ಮಾತ್ರ ಹೇಳಲಿಲ್ಲ. ಅಷ್ಟು ಸಾಕಾಯಿತು. ಹೇಗೂ ಸಾಯುವುದೇ ಅಂತ ಊರ ಜನ ಕೋಳಿ ಕೊಯ್ದರು, ಬಿತ್ತನೆಗೆ ಇಟ್ಟ ಶೇಂಗಾ ಹುರಿದು ತಿಂದರು, ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಸ್ಕೈಲ್ಯಾಬು ಎಲ್ಲೋ ಸಮುದ್ರದಾಚೆ ಹೋಗಿ ಬಿತ್ತು. ಮರುದಿನ ಅಣ್ಣತಮ್ಮಂದಿರು ಮತ್ತೆ ಮಾತು ಬಿಟ್ಟರು.

ಬಸ್ಸು ನಿಲ್ಲುವ ಕಡೆ ಸೈಕಲ್ ಅಂಗಡಿ ಇಟ್ಟಿದ್ದ ಲಾಲ್ ಸಾಬ್ ಆ ಭರದಲ್ಲಿ ತನ್ನ ಕೋಳಿಗಳನ್ನೆಲ್ಲ ತಿಂದು ಮುಗಿಸಿದ್ದ. ಅಷ್ಟು ಕೋಳಿಗಳನ್ನು ಸುಮ್ಮನೆ ಕಳೆದುಕೊಳ್ಳುವ ಆಸಾಮಿ ಅವನಲ್ಲ. ಸ್ಕೈಲ್ಯಾಬು ಇಲ್ಲೇ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ, ಅಂಗಡಿ ಮುಂದಿನ ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ರಾಯಚೂರು ಸೀಮೆಯನ್ನೇ ಬರೆದ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ಚೌಕಾಬಾರದ ಮನೆಗಳು. ಎಲ್ಲ ಊರೂ ಸುಟ್ಟು ಬೂದಿ. ಉಳಿದದ್ದು ಮೂರು ಪಡೆ. ರಾಯಚೂರಿನ ಕೋಟೆಯೊಳಗೆ ಜೋಳ ಬಚ್ಚಿಟ್ಟುಕೊಂಡು ಕೂತವರು ಕೋಟೆ ಪಡೆ. ಕೃಷ್ಣೆಯಲ್ಲಿ ಹರಿಗೋಲು ಹಾಕಿ, ದಾಟುವವರ ಹತ್ತಿರ ಸುಂಕ ಕೀಳುವವರು ಹೊಳೆ ಪಡೆ. ಕಂಬಳಿ ಹೊದ್ದು ಎಲ್ಲೂ ನಿಲ್ಲದೆ ಅಡ್ಡಾಡುವವರು ಕುರಿ ಪಡೆ. ಸ್ಕೈಲ್ಯಾಬಿನ ಚೂರುಗಳಿಗೆ ಜೀವ ಬಂದು ಕಬ್ಬಿಣದ ನಾಯಿಗಳಾಗಿದ್ದವು. ಅವು ಬೆಂಕಿ ತಿಂದು ಬದುಕುವ ನಾಯಿಗಳು, ಎಲ್ಲಿ ಒಲೆ ಹೊತ್ತಿದರೂ ಅಲ್ಲಿಗೆ ಬರುತ್ತಿದ್ದವು. ಮಾನ್ವಿಯಲ್ಲಿ ಒಬ್ಬ ರಾಣಿ ಇದ್ದಳು. ಬಂದ ಗಂಡಸರ ನೆರಳನ್ನು ಕಟ್ಟಿಹಾಕಿ ಅವರನ್ನು ಅರಮನೆಯಲ್ಲೇ ಉಳಿಸಿಕೊಳ್ಳುವವಳು. ಆ ಅರಮನೆಯ ಸಂಗತಿ ಬಂದಾಗ ಲಾಲ್ ಸಾಬ್ ಧ್ವನಿ ತಗ್ಗಿಸುತ್ತಿದ್ದ, ಮಕ್ಕಳು ಹತ್ತಿರ ಬಂದರೆ ಪಂಪು ತೋರಿಸಿ ಓಡಿಸುತ್ತಿದ್ದ. ಇದು ದೊಡ್ಡವರ ಆಟ ಎಂದು ಊರಿಗೆಲ್ಲ ಸುದ್ದಿಯಾದದ್ದೇ ಹಾಗೆ. ಆ ರಾಣಿ ಯಾರೆಂದು ಅವನ ಹೆಂಡತಿ ಸುಗ್ರಾ ಬೇಗಂ ಒಮ್ಮೆ ಬಂದು ಕೇಳಿದ ಮೇಲೆ ರಾಣಿಗೆ ಸ್ವಲ್ಪ ವಯಸ್ಸಾಯಿತು.

ಹುಣಸೆ ಬೀಜ ಸೀಳಿ ದಾಳ ಮಾಡಿದ್ದರು. ಬೀಜ ಚೆಲ್ಲಿದವನು ಕಾಯಿ ನಡೆಸಿ, ಆ ಮನೆಯಲ್ಲಿ ಏನು ನಡೆಯಿತೆಂದು ಕಥೆ ಹೇಳಬೇಕು. ಆಡುವವರೆಲ್ಲ ಹೌದು ಅಂದರೆ ಅದು ಆ ಲೋಕದ ಕಾಯಿದೆ. ಒಮ್ಮೆ ಹೌದು ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಕೋಟೆ ಪಡೆ ಕಿರಾಣಿ ಅಂಗಡಿಯ ಶಂಭುಲಿಂಗಪ್ಪನದು. ಕುರಿ ಪಡೆ, ಮತ್ತಾರದು, ಕುರಿ ಕಾಯುವ ಪರಮಣ್ಣನದು. ಹೊಳೆ ಪಡೆಯನ್ನು ಲಾಲ್ ಸಾಬ್ ಇಟ್ಟುಕೊಂಡ. ಇವರಲ್ಲದೆ ಒಬ್ಬ ಹೀರೋ ಇದ್ದ, ಕಬ್ಬಿಣ ಅಂಬಣ್ಣ ಅಂತ. ಆಕಾಶದ ಕಬ್ಬಿಣ ಕರಗಿಸಿ ಖಡ್ಗ ಮಾಡಿಕೊಂಡ ಗಂಡು. ಅವನ ಕಾಯಿ ಒಂದು ದೊಡ್ಡ ನಟ್ಟು. ಅದನ್ನು ಆಡಲು ಯಾರೂ ಮುಂದೆ ಬರಲಿಲ್ಲ. ಹೀರೋಗೆ ಜೋಳವಿಲ್ಲ, ಕುರಿಯಿಲ್ಲ, ಇರುವುದು ಬರೀ ಶೌರ್ಯ. ಬರೀ ಶೌರ್ಯ ಕಟ್ಟಿಕೊಂಡು ಏನು ಮಾಡುವುದು?

ಗೋಪಮ್ಮ ಆಗ ರಸ್ತೆ ಕೆಲಸದಲ್ಲಿ ಖಡಿ ಒಡೆಯುತ್ತಿದ್ದಳು. ಗಂಡ ಅಯ್ಯಣ್ಣ ರಾಯಚೂರಿನ ಹತ್ತಿ ಗಿರಣಿಯಲ್ಲಿ ಹಮಾಲಿ, ಊರಿಗೆ ಬರುವುದು ಅಪರೂಪ. ಮಧ್ಯಾಹ್ನ ಬುತ್ತಿ ಉಂಡು ಅವಳು ಅಂಗಡಿಯ ನೆರಳಿಗೆ ಬಂದು ಕೂರುತ್ತಿದ್ದಳು. ಕೆಲವು ದಿನ ಸುಮ್ಮನೆ ನೋಡಿದಳು. ಆಮೇಲೆ ಸುಮ್ಮನಿರಲು ಆಗಲಿಲ್ಲ. ಎಲ್ಲ ಬೂದಿಯಾಗಿದ್ದರೆ ಪರಮಣ್ಣನ ಕುರಿಗಳು ಏನು ಮೇಯುತ್ತವೆ ಎಂದು ಕೇಳಿದಳು. ಕೋಟೆಯ ಜೋಳಕ್ಕೆ ಹುಳ ಬೀಳುವುದಿಲ್ಲವೇ ಎಂದಳು. ಲಾಲ್ ಸಾಬ್ ತಾಳ್ಮೆಗೆಟ್ಟು ನಟ್ಟನ್ನು ಅವಳ ಕಡೆ ಉರುಳಿಸಿ, ಅಷ್ಟು ಗೊತ್ತಿದ್ದರೆ ಈ ಅಂಬಣ್ಣನನ್ನು ಬದುಕಿಸಿ ತೋರಿಸು ಎಂದ.

ಬದುಕಿಸಿದಳು. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುವುದು ಸುಳ್ಳಲ್ಲ. ಅಂಬಣ್ಣ ಒಲೆ ಹೊತ್ತಿಸದೆ, ನೆನೆಸಿದ ಜೋಳ ತಿಂದುಕೊಂಡು, ಕಬ್ಬಿಣದ ನಾಯಿಗಳ ನಡುವೆಯೇ ನಡೆದುಹೋದ. ಮಾನ್ವಿಯ ಅರಮನೆಗೆ ಅಮಾವಾಸ್ಯೆಯ ರಾತ್ರಿ ಹೊಕ್ಕ. ಅವತ್ತು ಅವನಿಗೆ ನೆರಳೇ ಇರಲಿಲ್ಲ, ರಾಣಿ ಏನನ್ನು ಕಟ್ಟಿಹಾಕಿಯಾಳು? ಖಡ್ಗವನ್ನು ಮಾತ್ರ ಗೋಪಮ್ಮ ಒಮ್ಮೆಯೂ ಹೊರಗೆ ತೆಗೆಸಲಿಲ್ಲ. ನೋಡಲು ಜನ ಸೇರತೊಡಗಿದರು. ಗಬ್ಬೂರಿನ ಬಸ್ಸಿನ ಕಂಡಕ್ಟರ್ ಕೂಡ ಇಳಿದು ಬಂದು, ಅಂಬಣ್ಣ ಎಲ್ಲಿಗೆ ಮುಟ್ಟಿದ ಎಂದು ಕೇಳಿಕೊಂಡು ಹೋಗುತ್ತಿದ್ದ.

ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಅಂಬಣ್ಣ ಕವಿತಾಳದ ಮನೆಗೆ ಬಂದ. ಆ ಲೋಕದಲ್ಲಿ ಉಳಿದ ಒಂದೇ ಒಂದು ಸಿಹಿನೀರಿನ ಬಾವಿ ಅಲ್ಲಿತ್ತು, ಕೋಟೆ ಪಡೆಯ ವಶದಲ್ಲಿ. ಆ ನೀರು ಕುಡಿದರೆ ಆಟ ಗೆದ್ದಂತೆ. ಬೀಜ ಚೆಲ್ಲುವ ಸರದಿ ಶಂಭುಲಿಂಗಪ್ಪನದು. ಅವನು ಖುಷಿಯಿಂದಲೇ ಕಥೆ ಹೇಳಿದ. ಅಂಬಣ್ಣ ಬಳಲಿ ಬಂದಿದ್ದಾನೆ, ಕಟ್ಟೆಯ ಕೆಳಗೆ ಬೊಗಸೆ ಒಡ್ಡಿ ಕೂತಿದ್ದಾನೆ, ಕೋಟೆಯ ಹೆಣ್ಣುಮಗಳೊಬ್ಬಳು ಕರುಣೆಯಿಂದ ಮೇಲಿನಿಂದ ನೀರು ಸುರಿಯುತ್ತಾಳೆ. ಲಾಲ್ ಸಾಬ್ ಹೌದು ಎಂದ. ಪರಮಣ್ಣನೂ ಹೌದು ಎಂದ. ಗೋಪಮ್ಮ ನಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

“ಸಾವ್ಕಾರ್ರಿ, ಲೋಕಾನ ಸುಟ್ಟು ಹೋಗೇದ ಅಂದ್ರಿ. ಗುಡಿ ಹೋತು, ಮಸೂತಿ ಹೋತು, ಕಚೇರಿನೂ ಹೋತು. ಈ ಸುರುವೋದೊಂದು ಹ್ಯಾಂಗ ಉಳೀತು?”

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂಬ ಗಾದೆ ಆ ಮೂವರ ಬಾಯಲ್ಲೂ ದಿನಕ್ಕೊಮ್ಮೆ ಬರುತ್ತಿತ್ತು, ಆದರೆ ಅದು ತಮ್ಮ ಬಗ್ಗೆ ಎಂದು ಅವರು ತಿಳಿದಿರಲಿಲ್ಲ. ಬೇಕೆಂದು ಯಾರೂ ಆ ಸುರಿಯುವ ಪದ್ಧತಿಯನ್ನು ಆಟದಲ್ಲಿ ಇಟ್ಟಿರಲಿಲ್ಲ. ನಾಯಿಗೆ ಕಬ್ಬಿಣದ ಹಲ್ಲು ಕೊಟ್ಟಿದ್ದರು, ರಾಣಿಗೆ ಮಾಟ ಕೊಟ್ಟಿದ್ದರು, ಬಾವಿಗೆ ಬಂದಾಗ ಮಾತ್ರ ಅವರಿಗೆ ಹೊಸದೇನೂ ಹೊಳೆದಿರಲಿಲ್ಲ. ಶಂಭುಲಿಂಗಪ್ಪನಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು. ಆಟಕ್ಕೆ ಇಷ್ಟೆಲ್ಲ ಯಾಕೆ, ಇಬ್ಬರು ಹೌದು ಅಂದಾಗಿದೆ ಎಂದು ಗೊಣಗಿದ. ನಾನು ಅಂದಿಲ್ಲವಲ್ಲ ಎಂದಳು ಗೋಪಮ್ಮ. ಕಾಯಿದೆ ಅವಳ ಕಡೆಗಿದೆ ಎಂದು ಲಾಲ್ ಸಾಬ್ ತೀರ್ಪು ಕೊಟ್ಟ.

ಆಗ ಅವಳು ತನ್ನ ಕಥೆ ಹೇಳಿದಳು. ಅಂಬಣ್ಣ ಕಟ್ಟೆ ಹತ್ತುತ್ತಾನೆ, ಹಗ್ಗ ಹಿಡಿಯುತ್ತಾನೆ, ತಾನೇ ಸೇದಿ ಕುಡಿಯುತ್ತಾನೆ. ಇನ್ನು ಮೇಲೆ ಆ ಬಾವಿಯಲ್ಲಿ ಬಾಯಾರಿದವರು ತಾವೇ ಸೇದಿಕೊಳ್ಳಬೇಕು, ಯಾರೂ ಯಾರಿಗೂ ಸುರಿಯುವಂತಿಲ್ಲ. ಲಾಲ್ ಸಾಬ್ ಹೌದು ಎಂದ. ಪರಮಣ್ಣ ಕಂಬಳಿ ಸರಿಮಾಡಿಕೊಂಡು ಹೌದು ಎಂದ. ಶಂಭುಲಿಂಗಪ್ಪ ಹಾಸುಗಲ್ಲನ್ನೇ ನೋಡುತ್ತ ಮೆಲ್ಲಗೆ ಹೌದು ಎಂದ.

ಗೆದ್ದ ಸಂಜೆ ಗೋಪಮ್ಮ ಮತ್ತೆ ಅದೇ ಕಟ್ಟೆಯ ಕೆಳಗೆ ನಿಂತಳು. ನೀರು ಸುರಿದವಳು ಶಂಭುಲಿಂಗಪ್ಪನ ತಾಯಿ ಬಸಲಿಂಗಮ್ಮ; ಅರ್ಧ ಕೊಡದೊಳಗೆ, ಅರ್ಧ ಇವಳ ಸೆರಗಿನ ಮೇಲೆ. ಒಂದು ನಟ್ಟಿಗೆ ಸಿಕ್ಕಿದ್ದು ತನಗಿಲ್ಲವಲ್ಲ ಎಂದು ಗೋಪಮ್ಮನಿಗೆ ಹೊಟ್ಟೆ ಉರಿಯಿತು. ಅಳಲಿಲ್ಲ. ಆಟವನ್ನು ಗೆಲ್ಲಿಸಿದ ತಲೆ ತನ್ನ ಹೆಗಲ ಮೇಲೇ ಇದೆ, ಅದಕ್ಕೆ ಸ್ವಲ್ಪ ಹೊತ್ತು ಕೊಟ್ಟರಾಯಿತು ಅಂದುಕೊಂಡಳು.

ಫೆಬ್ರುವರಿಯಲ್ಲಿ ಗ್ರಹಣ ಬಂತು. ಸೂರ್ಯ ಪೂರ್ತಿ ಮುಚ್ಚಿಹೋಗುತ್ತಾನೆ, ಅದೂ ರಾಯಚೂರು ಸೀಮೆಯ ನೆತ್ತಿಯ ಮೇಲೆಯೇ ಎಂದು ರೇಡಿಯೋ ಹೇಳಿತು. ಸ್ಕೈಲ್ಯಾಬಿಗೆ ಹೆದರಿ ಪೆಟ್ಟು ತಿಂದಿದ್ದ ಜನ ಈ ಸಲ ಕೋಳಿ ಮುಟ್ಟಲಿಲ್ಲ, ಆದರೆ ಪದ್ಧತಿ ಬಿಡಲಿಲ್ಲ. ಗ್ರಹಣ ಹಿಡಿಯುವ ಮೊದಲು ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿ ಕೊಡ ಬೋರಲು ಹಾಕಬೇಕು. ಬಿಡುವ ತನಕ ಮನೆಮಂದಿಯೆಲ್ಲ ಮೈಲಿಗೆ. ಬಿಟ್ಟ ಮೇಲೆ ಹೊಸ ನೀರು ತಂದು ತಲೆಗೆ ಎರೆದುಕೊಂಡರೆ ಮಡಿ, ಒಲೆ ಹೊತ್ತುವುದು ಆಮೇಲೆಯೇ. ಗೋಪಮ್ಮ ಹುಟ್ಟಿದಾಗಿನಿಂದ ಕೇಳಿದ್ದ ಮಾತೇ ಇದು. ಈ ಸಲ ಅದನ್ನು ಆಟದ ಕಾಯಿದೆ ಕೇಳಿದ ಹಾಗೆ ಕೇಳಿದಳು, ಒಳಗೆ ಏನಿದೆ ಎಂದು ತಿರುವಿ ನೋಡಿದಳು. ಗ್ರಹಣ ಬಿಟ್ಟ ಗಳಿಗೆಯಲ್ಲಿ ಊರಿನಲ್ಲಿ ಮೈಲಿಗೆಯಿಲ್ಲದವರು ಒಬ್ಬರೂ ಇರುವುದಿಲ್ಲ, ಯಾರ ಮನೆಯಲ್ಲೂ ಒಂದು ತಂಬಿಗೆ ನೀರೂ ಇರುವುದಿಲ್ಲ.

ಶನಿವಾರ ಮಧ್ಯಾಹ್ನ ಅವಳು ಕೊಡ ತೆಗೆದುಕೊಂಡು ಹೊರಟಾಗ ಅತ್ತೆ ಮೂಕಮ್ಮ ಬಾಗಿಲಿಗೆ ಅಡ್ಡ ನಿಂತಳು. ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ, ಕೇರಿಗೆ ಬೆಂಕಿ ಬೀಳುತ್ತದೆ ಎಂದು ಬೈದಳು. ಕೊನೆಯದು ಸುಳ್ಳು ಹೆದರಿಕೆಯಲ್ಲ ಎಂದು ಗೋಪಮ್ಮನಿಗೂ ಗೊತ್ತಿತ್ತು. ಅತ್ತೆಯ ಕೈಯನ್ನು ಮೆಲ್ಲಗೆ ಸರಿಸಿ ಹೋದಳು.

ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು, ಬಸ್ಸೂ ಬಂದಿರಲಿಲ್ಲ. ಲಾಲ್ ಸಾಬ್ ಕಟ್ಟಿದ ಲೋಕ ನಿಜವಾಗಿಯೇ ಬಂದಂತಿತ್ತು. ಅವಳು ಕಟ್ಟೆ ಹತ್ತಿ, ಜೀವಮಾನದಲ್ಲಿ ಮೊದಲ ಸಲ, ಬಾವಿಯ ಅಂಚಿನ ಮೇಲೆ ಕೂತಳು. ಬಿಸಿಲು ಹಳದಿಯಾಯಿತು, ಆಮೇಲೆ ತಣ್ಣಗಾಯಿತು. ಕಾಗೆಗಳು ಬೇವಿನ ಮರಕ್ಕೆ ಮರಳಿದವು. ಹಾಡಹಗಲೇ ಕತ್ತಲು ಕವಿದು ಚುಕ್ಕೆ ಮೂಡಿದಾಗ ಅವಳಿಗೆ ಮಲ್ಲಟದ ತನ್ನ ಅವ್ವ ನೆನಪಾದಳು. ಹಗ್ಗ ಕೈಗೆ ಎಟುಕುವಷ್ಟೇ ದೂರದಲ್ಲಿತ್ತು. ಈಗ ಸೇದಿದರೆ ಕೇಳುವವರಿಲ್ಲ. ಅದಕ್ಕೇ ಸೇದಲಿಲ್ಲ. ಕತ್ತಲಲ್ಲಿ ಸೇದಿದರೆ ಅದು ಕಳವು. ಕಳವು ಮಾಡಲು ಅವಳು ಬಂದಿರಲಿಲ್ಲ.

ಬೆಳಕು ಬಂತು. ಗ್ರಹಣ ಪೂರ್ತಿ ಬಿಡುವ ತನಕ ಕಾದು ಜನ ಒಬ್ಬೊಬ್ಬರೇ ಬಾಗಿಲು ತೆರೆದರು. ಕೊಡ ಹಿಡಿದು ಮೊದಲು ಬಂದವಳು ಬಸಲಿಂಗಮ್ಮ, ಹಿಂದೆ ಓಣಿಯ ಹೆಂಗಸರು, ಅವರ ಹಿಂದೆ ಗಂಡಸರು. ಕಟ್ಟೆಯ ಮೇಲೆ ಗೋಪಮ್ಮನನ್ನು ಕಂಡು ಎಲ್ಲರೂ ನಿಂತರು.

“ಕೆಳಗ ಇಳಿ ಬೇ ಗೋಪಿ,” ಎಂದಳು ಬಸಲಿಂಗಮ್ಮ. “ಯಾವ ಹೊತ್ತಿನ್ಯಾಗ ಏನು ಹುಡುಗಾಟ ಹಚ್ಚೀದಿ?”

“ಹುಡುಗಾಟ ಅಲ್ರಿ ಯವ್ವಾ. ಗ್ರಹಣದ ಮೈಲಿಗಿ ನಿಮಗೂ ಅದ, ನನಗೂ ಅದ. ಇನ್ನೂ ಯಾರೂ ತಲಿಮ್ಯಾಲ ಎರಕೊಂಡಿಲ್ಲ. ಈಗ ನಾ ಮುಟ್ಟಿದ್ರೇನು, ನೀವು ಮುಟ್ಟಿದ್ರೇನು?”

ಹಿಂದಿನಿಂದ ಯಾರೋ ಕೆಟ್ಟದಾಗಿ ಬೈದರು. ಆದರೆ ಅವಳು ಹೇಳಿದ್ದು ಅವರದೇ ಶಾಸ್ತ್ರ. ಬಸಲಿಂಗಮ್ಮ ತಿರುಗಿ ಮಗನನ್ನು ನೋಡಿದಳು, ಅಂಗಡಿಯಲ್ಲಿ ಕೂತು ಹತ್ತೂರಿನ ಜನರಿಗೆ ಉತ್ತರ ಹೇಳುವವನು ಇವಳಿಗೂ ಒಂದು ಹೇಳಲಿ ಎಂದು. ಶಂಭುಲಿಂಗಪ್ಪನ ಮುಖ ಕೆಂಪಾಯಿತು. ಲಾಲ್ ಸಾಬ್ ಅವನನ್ನೇ ನೋಡುತ್ತಿದ್ದ, ಪರಮಣ್ಣನೂ ನೋಡುತ್ತಿದ್ದ.

“ಸೇದ್ಲಿ ಬಿಡವ್ವಾ,” ಎಂದ. “ನಾ ಹೌದಂದೀನಿ.”

ಯಾವುದಕ್ಕೆ ಹೌದಂದ, ಯಾವಾಗ ಅಂದ ಎಂದು ಅವನ ತಾಯಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಗೋಪಮ್ಮ ಬಿಂದಿಗೆ ಕಟ್ಟಿದ ಹಗ್ಗವನ್ನು ಬಾವಿಗೆ ಇಳಿಬಿಟ್ಟಾಗಿತ್ತು. ಗಾಲಿ ಕಿರುಗುಟ್ಟಿತು, ಬಿಂದಿಗೆ ನೀರು ಮುಟ್ಟಿದ ಸದ್ದು ಕೇಳಿತು. ಎಳೆಯುವಾಗ ಹಗ್ಗ ಅಂಗೈ ತಿಕ್ಕಿತು, ಖಡಿ ಒಡೆದು ದಡ್ಡುಗಟ್ಟಿದ ಅಂಗೈಗೆ ಅದೇನು ಲೆಕ್ಕ. ನೀರಿನ ಭಾರ ಕೈಗೆ ಬಂದಾಗ ಅವಳಿಗೆ ನಗು ಬಂತು, ತಡೆಯಲು ಹೋಗಲಿಲ್ಲ. ಎಲ್ಲರೂ ನೋಡುತ್ತಿದ್ದಂತೆಯೇ ತನ್ನ ಕೊಡ ತುಂಬಿದಳು. ಎರಡು ಮನೆಯವರು ಕೊಡ ಎತ್ತಿಕೊಂಡು ಉಪ್ಪುನೀರಿನ ಬಾವಿಯ ಕಡೆ ನಡೆದರು. ಉಳಿದವರು ಬಸಲಿಂಗಮ್ಮ ಏನು ಮಾಡುತ್ತಾಳೆಂದು ಕಾದರು.

ಬಸಲಿಂಗಮ್ಮ ಮುಂಜಾನೆಯಿಂದ ಉಪವಾಸವಿದ್ದಳು. ಖಾಲಿ ಕೊಡ ಹಿಡಿದು, ಗೋಪಮ್ಮ ಇಷ್ಟು ವರ್ಷ ನಿಂತ ಜಾಗದಲ್ಲೇ, ಕಟ್ಟೆಯ ಕೆಳಗೆ ನಿಂತಿದ್ದಳು. ಗೋಪಮ್ಮ ಎರಡನೆಯ ಬಿಂದಿಗೆ ಸೇದಿ ಮುದುಕಿಯ ಕೊಡಕ್ಕೆ ಸುರಿದಿದ್ದರೆ ಅಲ್ಲಿಗೇ ಸೇಡು ತೀರುತ್ತಿತ್ತು. ಸುರಿಯಲಿಲ್ಲ. ಖಾಲಿ ಬಿಂದಿಗೆಯನ್ನು ಅಂಚಿನ ಮೇಲಿಟ್ಟು, ಒದ್ದೆ ಹಗ್ಗವನ್ನು ಮುದುಕಿಯ ಕಡೆಗೆ ಚಾಚಿದಳು.

“ಮ್ಯಾಲ ಬರ್ರಿ ಯವ್ವಾ, ಹಿಡೀರಿ. ಇಲ್ಲಿ ಸುರುವೋರು ಯಾರೂ ಇಲ್ಲ. ನಾಳಿ ಮುಂಜಾನಿನೂ ಬರ್ತೀನಿ, ನೀವು ಮಡಿ ಆದ ಮ್ಯಾಲ.”

ಬಸಲಿಂಗಮ್ಮ ಹಗ್ಗವನ್ನು ನೋಡಿದಳು, ಅದನ್ನು ಹಿಡಿದ ಕೈಯನ್ನು ನೋಡಿದಳು. ಮೊಣಕಾಲು ಹಿಡಿದುಕೊಂಡು, ಗೊಣಗುತ್ತ, ಒಂದೊಂದೇ ಮೆಟ್ಟಿಲು ಹತ್ತಿ ಬಂದು ಹಗ್ಗ ತೆಗೆದುಕೊಂಡಳು.

“ನಾಲ್ಕು ಓಣಿಗೆ ಸುರುವಿ ಸುರುವಿ ನನ್ನ ರಟ್ಟಿ ಹೋಗ್ಯಾವ,” ಎಂದಳು. “ಬರೋದಾದ್ರ ನಸುಕಿನ್ಯಾಗ ಬಾ. ಹೊತ್ತಾತಂದ್ರ ನೀನೂ ಪಾಳಿ ಹಚ್ಚಬೇಕಾಗ್ತದ.”