ಕಿರುಬೆರಳಿನ ಜೋಮು

"ಈಗ?" ಎಂದಳು ರೋಸಲೀ.

"ಮೊದಲು ಚುಚ್ಚು," ಎಂದ ಎಮಿಟ್.

"ಚುಚ್ಚಿಯಾಯ್ತು ಕಣೋ."

ಅವನು ಕಣ್ಣು ತೆರೆದ. ಬಲಗೈ ಕಿರುಬೆರಳಿನ ತುದಿಯಲ್ಲಿ ಸಾಸಿವೆಯಷ್ಟು ರಕ್ತ. ಅಕ್ಕ ಸೂಜಿಯನ್ನು ದಾರದುಂಡೆಗೆ ಸಿಕ್ಕಿಸಿದಳು. ಅವನು ಕೈಯನ್ನು ಮೊಣಕೈವರೆಗೂ ಐಸಿನ ಬಕೆಟ್ಟಿಗೆ ಇಳಿಸಿದ.

ಏಪ್ರಿಲ್‌ನಿಂದ ಹೀಗೆ. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವರೆಲ್ಲ ಆಟ ಮುಗಿದ ಮೇಲೆ ಐಸಿನಲ್ಲಿ ಕೈಯಿಡುತ್ತಾರೆ. ಎಲ್ಲರ ಕೈಯೂ ಮರಗಟ್ಟುತ್ತದೆ, ಆಮೇಲೆ ಸರಿಹೋಗುತ್ತದೆ. ಎಮಿಟ್‌ನ ಎರಡು ಬೆರಳು ಸರಿಹೋಗಲಿಲ್ಲ. ಅದಕ್ಕೇ ಆಟವಿಲ್ಲದ ದಿನವೂ ಬಕೆಟ್ಟಿನ ಪಕ್ಕ ಕೂರುತ್ತಿದ್ದ. ಐಸಿನಲ್ಲಿದ್ದಷ್ಟು ಹೊತ್ತು ಜೋಮಿಗೆ ಒಂದು ಕಾರಣವಿರುತ್ತಿತ್ತು.

ಈ ವರ್ಷ ಸೇರಲಿದ್ದ ಕಾಲೇಜಿನ ಕೋಚ್‌ಗೆ ಹೇಳಿದ್ದ. ಮೊಣಕೈ ನರದ ತೊಂದರೆ, ಆಪರೇಷನ್ ಮಾಡಿಸಿಕೋ, ಒಂದು ವರ್ಷ ಕೂತು ಓದು, ನಿನ್ನ ಜಾಗ ಎಲ್ಲೂ ಹೋಗುವುದಿಲ್ಲ ಎಂದಿದ್ದರು. ಅಪ್ಪನಿಗೆ ಹೇಳಿರಲಿಲ್ಲ.

ದೇಶದ ದೊಡ್ಡ ತಂಡಗಳೆಲ್ಲ ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ದಿನ ಇದು. ಅಪ್ಪ ಲಿಯಾನ್ ಮೇವಿನ ಗಿರಣಿಗೆ ರಜೆ ಹಾಕಿ, ಚರ್ಚಿನ ಅಂಗಿ ತೊಟ್ಟು, ಬೆಳಗಿನಿಂದ ಫೋನಿನ ಎದುರು ಕೂತಿದ್ದ. ಅವನಿಗೂ ಒಮ್ಮೆ ಹದಿನೆಂಟಾಗಿತ್ತು. ಆಗ ಯಾರೂ ಫೋನು ಮಾಡಿರಲಿಲ್ಲ.

"ಆ ಕೋಲಾಚಿ ಬನ್ ತಿನ್ನೋ," ಎಂದ. "ನಾಳೆ ಟೀವೀಲಿ ಹಸಿದ ಕರು ಥರ ಕಾಣ್ತೀಯ."

"ನಿಮ್ಮ ಥರಾನೇ ಕಾಣ್ತಾನೆ ಬಿಡಿ ಅಪ್ಪಾ," ಎಂದಳು ರೋಸಲೀ.

ಎಮಿಟ್ ಸಂತೋಷವಾಗುತ್ತಿದೆಯೇ ಎಂದು ತನ್ನೊಳಗೆ ನೋಡಿಕೊಂಡ. ಭಯವಿದೆಯೇ ಎಂದೂ ನೋಡಿಕೊಂಡ. ಅಲ್ಲೂ ಏನೂ ತಾಗಲಿಲ್ಲ.

ಫೋನು ಬಂತು. ಅಪ್ಪ ಸ್ಪೀಕರ್ ಒತ್ತಿದ. ಮಾತಾಡುತ್ತಿದ್ದವರು ಪರ್ಡಿ, ಒಂದು ದೊಡ್ಡ ತಂಡದ ಪರವಾಗಿ ಎರಡು ವರ್ಷದಿಂದ ಮೈದಾನದ ಬಲೆಯ ಹಿಂದೆ ಕೂತು ಎಮಿಟ್‌ನ ಚೆಂಡಿನ ವೇಗ ಅಳೆದವರು.

"ಮುಂದಿನ ಸರದಿ ನಮ್ಮದು, ಎಮಿಟ್. ಮೂರು ನಿಮಿಷ ಇದೆ. ಕಾಲೇಜು ಬಿಟ್ಟು ನಮ್ಮ ತಂಡಕ್ಕೆ ಬರ್ತೀಯಾ? ಕೈ ಹೇಗಿದೆ?"

"ಎರಡು ಬೆರಳಿಗೆ ಏನೂ ಗೊತ್ತಾಗಲ್ಲ ಸರ್."

ಅಪ್ಪ ಮಗನನ್ನು ನೋಡಿದ, ಸೂಜಿಯನ್ನು ನೋಡಿದ, ಆಮೇಲೆ ನಕ್ಕ.

"ಐಸು ಸಾರ್, ಐಸು! ಬೆಳಿಗ್ಗೆಯಿಂದ ಮೀನಿನಂಗೆ ಅದರಲ್ಲೇ ಮುಳುಗಿಸಿಟ್ಟಿದಾನೆ. ನನ್ನ ಕೈ ಇಟ್ರೂ ಹಂಗೇ ಆಗುತ್ತೆ."

ಹೇಳುತ್ತಲೇ ಚರ್ಚಿನ ಅಂಗಿಯ ತೋಳನ್ನೂ ಮಡಚದೆ ತನ್ನ ಕೈಯನ್ನು ಬಕೆಟ್ಟಿಗೆ ಹಾಕಿದ.

"ಬರೀ ಐಸು ಅಂದ್ರೆ ಸರಿ," ಎಂದರು ಪರ್ಡಿ. "ಹೂಂ ಅನ್ನು ಮಗಾ, ಅಷ್ಟೇ ಸಾಕು. ನಿನ್ನ ಹೆಸರು ಓದಿಸ್ತೀನಿ."

ಎಮಿಟ್ ಬಗ್ಗಿ ನೋಡಿದ. ನೀರೊಳಗೆ ಅಪ್ಪ ಅವನ ಕಿರುಬೆರಳನ್ನು ಹಿಡಿದು ಬಲವಾಗಿ ಅಮುಕುತ್ತಿದ್ದ. ಕಣ್ಣಿಗೆ ಕಂಡದ್ದರಿಂದಷ್ಟೇ ಗೊತ್ತಾಯಿತು.

"ಇಲ್ಲ ಸರ್," ಎಂದ. "ಬರಲ್ಲ."