ಮುಳುಗದ ಗೆಡ್ಡೆ

"ಏಯ್, ಹಂದಿ ಹಂಗೆ ಕೆಸರಲ್ಲಿ ಏನೇ ತುಳೀತಿದ್ದೀಯ? ಎದ್ದು ಬಾರೆ ಆಚೆಗೆ!"

ಪಕ್ಷಿಧಾಮದ ಹಲಗೆ ದಾರಿಯ ಮೇಲಿಂದ ಕಾವಲುಗಾರ ಬ್ರಾಂಟ್ ಕೂಗಿದ. ಅವನ ಹಿಂದೆ ದುರ್ಬೀನು ಕಟ್ಟಿಕೊಂಡ ಹಕ್ಕಿ ನೋಡುವವರ ಗುಂಪು.

ಕೊಲಂಬಿಯಾ ನದಿ ಹರಡಿ ಬಿಟ್ಟುಹೋದ ಜೌಗಿನಲ್ಲಿ, ಆ ದಂಡೆಯ ಮೂಲನಿವಾಸಿಗಳ ಮಗಳು ಲವೀನಾ ಎದೆಮಟ್ಟದ ನೀರಿನಲ್ಲಿ ನಿಂತಿದ್ದಳು. ಕಾಲ್ಬೆರಳಿಂದ ಕೆಸರು ಕೆದಕಿ ವಪಟೊ ಗೆಡ್ಡೆ ಬಿಡಿಸುತ್ತಿದ್ದಳು. ಬೇರು ಕಳಚಿದ ಗೆಡ್ಡೆ ಬುಳಕ್ಕನೆ ಮೇಲೆ ತೇಲುತ್ತಿತ್ತು. ಚಳಿಗೆ ಅವಳ ತುಟಿ ನೀಲಿಗಟ್ಟಿತ್ತು.

ದಂಡೆಯಲ್ಲಿ ಚೀಲ ಹಿಡಿದಿದ್ದ ತಮ್ಮ ಎಲ್ವುಡ್ ಕೈ ಮುಂದೆ ಮಾಡಿದ. "ಅವ್ವ ಸತ್ತವ್ಳೆ ಸಾರ್. ಮದ್ಯಾನಕ್ಕೆ ಮಣ್ಣು. ಬಂದೋರ್ಗೆ ನದಿ ಗೆಡ್ಡೆನೇ ಬೇಯ್ಸಿ ಹಾಕಿ, ಅಂಗಡಿ ಬ್ರೆಡ್ಡು ಹಾಕ್ಬ್ಯಾಡಿ ಅಂತ ಹೇಳ್ಬುಟ್ಟು ಸತ್ಲು."

"ಇದು ಹಂಸಗಳ ಮೇವು ಕಣೋ. ನಿಮ್ಮಪ್ಪನ ತೋಟ ಅಲ್ಲ."

"ನಮ್ಮಪ್ಪಂದೇ ಆಗಿತ್ತು, ಬೋಳಿಮಗ್ನೆ..." ಎಲ್ವುಡ್ ಬಾಯೊಳಗೇ ಗೊಣಗಿದ.

"ಏನಂದೆ?" ಬ್ರಾಂಟ್‌ನ ಕೈ ಸೊಂಟದ ಪಟ್ಟಿಗೆ ಹೋಯಿತು.

"ಏನಿಲ್ಲ ಸಾರ್."

ಗುಂಪಿನಲ್ಲಿದ್ದ ಒಬ್ಬ ಹೆಂಗಸು ಲೊಚಗುಟ್ಟಿದಳು. "ಪಾಪ, ಬೈಬೇಡಿ. ಬೇಗ ಆಚೆ ಕಳಿಸಿ ಸಾಕು, ಹಕ್ಕಿ ಬೆದರ್ತಾವೆ."

ಬ್ರಾಂಟ್ ಚೀಲ ಕಿತ್ತುಕೊಂಡು ನೀರಿಗೆ ಸುರಿದ. "ಎಲ್ಲಿ ಕಿತ್ತೆಯೋ ಅಲ್ಲೇ ಹೂಳು. ಹೂತ್ರೆ ಕೇಸಿಲ್ಲ. ಇಲ್ಲಾಂದ್ರೆ ಇಬ್ರನ್ನೂ ಒಳಗೆ ಹಾಕ್ತೀನಿ. ಆಮೇಲೆ ಹೆಣ ಯಾರು ಎತ್ತುತಾರೋ ನೋಡೋಣ."

"ಅದು ಮುಳುಗಾಕಿಲ್ಲ ಸಾರ್," ಅಂದಳು ಲವೀನಾ.

"ಒತ್ತೇ, ಲೌಡಿ!"

ಲವೀನಾ ಒಂದನ್ನು ಕೈಯಿಂದ ಅದುಮಿ, ಅಂಗಾಲಿನಡಿ ಕೆಸರಿಗೆ ತುಳಿದಳು. ಕಾಲೆತ್ತಿದಳು. ಗೆಡ್ಡೆ ಮೇಲೆ ಬಂತು. ಮತ್ತೆ ತುಳಿದಳು. ಮತ್ತೆ ಬಂತು. ಹಲಗೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು.

ಎಲ್ವುಡ್‌ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಿವಿಗಿಟ್ಟು ಕೇಳಿದ. "ಅಕ್ಕಾ, ಅವ್ವನ ಪೆಟ್ಗೆ ಮುಚ್ತಾವ್ರಂತೆ. ನಿನ್ಗೇ ಕಾಯ್ತಾವ್ರೆ. ಬಿಟ್ಟಾಕಿ ಬಾರೆ."

"ಬಿಟ್ರೆ ತೇಲ್ತವೆ ಕಣೋ. ನಿನ್ನೂ ಹಿಡ್ಕೊಂಡೋಯ್ತಾನೆ."

ಎರಡು ಪಾದದಡಿ ಎರಡು ಗೆಡ್ಡೆ, ಎರಡು ಅಂಗೈಯಡಿ ಎರಡು. ಮಿಕ್ಕವು ಅವಳ ಸುತ್ತ ತೇಲುತ್ತಿದ್ದವು.

ಅಷ್ಟರಲ್ಲಿ ಮೇಲೆ ರೆಕ್ಕೆಗಳ ಸದ್ದಾಯಿತು. ಬಿಳಿ ಹಂಸಗಳ ದೊಡ್ಡ ಹಿಂಡು ತಿರುಗಿ ಕೆಳಗಿಳಿಯತೊಡಗಿತು.

"ಅಲ್ಲಾಡ್ಬೇಡ!" ಬ್ರಾಂಟ್ ಪಿಸುಗುಟ್ಟಿದ. "ಹಂಗೇ ನಿಂತಿರು. ಒಂದು ಹಕ್ಕಿ ಎದ್ರೆ ನಿನ್ನ ಕತೆ ಮುಗೀತು."

ಲವೀನಾ ಅಲ್ಲಾಡಲಿಲ್ಲ. ಹಂಸಗಳು ಅವಳ ಎದೆಯ ಹತ್ತಿರಕ್ಕೇ ಬಂದು ಗೆಡ್ಡೆಗಳನ್ನು ಒಂದೊಂದೇ ನುಂಗತೊಡಗಿದವು. ಹಲಗೆಯ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಅವಳನ್ನು ಬಿಟ್ಟು ಹಂಸಗಳತ್ತ ದುರ್ಬೀನು ಹಿಡಿದರು. ಎಲ್ವುಡ್‌ನ ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಬ್ರಾಂಟ್ ಕಣ್ಣು ಕೆಕ್ಕರಿಸಿದ.

ಎಲ್ವುಡ್ ಅದರ ಬಾಯಿ ಮುಚ್ಚಿಸಿದ.