ಸೀನನ ಪಾಲಿನ ಮಾತು

ಹೆಣಕ್ಕೆ ಹೊದಿಸಲು ಒಂದಾದರೂ ಹೊಸ ಸೀರೆ ಸಿಕ್ಕೀತೇನೋ ಎಂದು ಚಂದ್ರಕ್ಕ ಮಂಚದ ಕೆಳಗಿನ ಟ್ರಂಕನ್ನು ದರದರನೆ ಎಳೆದು ಮುಚ್ಚಳ ಎತ್ತಿದಳು. ಮೇಲೆ ಎರಡು ಸೀರೆ, ಒಂದು ಶಾಲು ಇದ್ದವು. ಅದರ ಕೆಳಗೆ ತಳದ ತನಕ ಬರೀ ನೋಟ್‌ಬುಕ್ಕುಗಳು.

"ಅಯ್ಯೋ ಶಿವನೇ, ಈ ವಯಸ್ಸಲ್ಲಿ ಪರೀಕ್ಷೆಗೆ ಕಟ್ಟಿದ್ಲೇನೇ ಇವ್ಳು?" ಎಂದಳು ಪಕ್ಕದ ಮನೆಯ ತಿಪ್ಪಕ್ಕ.

ಸತ್ತವಳು ಚಂದ್ರಕ್ಕನ ಗಂಡ ಶ್ರೀನಿವಾಸನ ಅಕ್ಕ, ಅನುಸೂಯ. ಗಂಡ ತೀರಿಕೊಂಡ ಮೇಲೆ ತೊಂಬತ್ತೊಂದರಲ್ಲಿ ರಾಮಗಿರಿಯ ತಮ್ಮನ ಮನೆ ಸೇರಿದವಳು, ಹದಿನೆಂಟು ವರ್ಷ ಇದೇ ಪಕ್ಕದ ಕೋಣೆಯಲ್ಲಿ ಊರಿನ ಹೆಂಗಸರ ರವಿಕೆ ಹೊಲಿದುಕೊಂಡು ಇದ್ದಳು. ಹನ್ನೆರಡು ದಿನ ಜ್ವರ ಹಿಡಿದು ಇವತ್ತು ಬೆಳಗಿನ ಜಾವ ಹೋಗಿದ್ದಳು. ಐವತ್ತೆರಡು ಸಾಯುವ ವಯಸ್ಸಲ್ಲ. ಆದರೂ ಬಂದವರಲ್ಲಿ ಮುಕ್ಕಾಲು ಮಂದಿ ಕೊಟ್ಟ ರವಿಕೆ ಬಟ್ಟೆಯ ಗತಿ ಏನಾಯಿತು ಎಂದು ಮೆಷಿನ್ನಿನ ಕಡೆ ಒಂದು ಕಣ್ಣು ಇಟ್ಟೇ ಅತ್ತರು.

ಏಳನೇ ಕ್ಲಾಸಿನ ತನಕ ಓದಿದ್ದ ತಿಪ್ಪಕ್ಕ ಒಂದು ನೋಟ್‌ಬುಕ್ಕು ಬಿಚ್ಚಿ, ಗತ್ತಿನಿಂದ ಓದತೊಡಗಿದಳು.

"ಸೀನ... ದೀಮೆ... ಎರ್ಮಾನಾ. ಅಕ್ಕ... ಯಾ... ಕೊಮಿಸ್ತೆ... ಸೀನ. ಇದೇನೇ ಚಂದ್ರಕ್ಕ ಇದು? ಅಕ್ಷರ ನಮ್ದೇ. ಮಾತು ನಮ್ದಲ್ಲ."

ಚಂದ್ರಕ್ಕ ಇಣುಕಿದಳು. ಕನ್ನಡದ ದುಂಡನೆಯ ಅಕ್ಷರಗಳು. ಸಾಲು ಬಿಟ್ಟು ಸಾಲಿಗೆ ಅವಳ ಗಂಡನ ಹೆಸರು. ಮುಂದಿನ ಪುಟದಲ್ಲೂ ಅದೇ. ಹದಿನೇಳು ನೋಟ್‌ಬುಕ್ಕಿನಲ್ಲೂ ಅದೇ.

"ಮಾಟ ಕಣೇ" ಎಂದಳು ತಿಪ್ಪಕ್ಕ, ದನಿ ಇಳಿಸಿ. "ಮೆಷಿನ್ ತುಳೀತಾ ಅದೇನೋ ಗೊಣಗ್ತಿದ್ಲಲ್ಲ. ಕಿವಿಗೆ ವೈರ್ ಬೇರೆ ಸಿಗಿಸ್ಕೊಂಡು. ಹೋದ ವರ್ಷ ನಿನ್ ಗಂಡ ಕಂಬದ ಮೇಲಿಂದ ಬಿದ್ದು ಕಾಲು ಮುರ್ಕೊಂಡಿದ್ದು ಸುಮ್ಮನೇನಾ?"

ಚಂದ್ರಕ್ಕನ ಕೈಯಿಂದ ಸೀರೆ ಕೆಳಗೆ ಬಿತ್ತು.

ಲೈನ್‌ಮನ್ ಶ್ರೀನಿವಾಸ ಅಂಗಳದಲ್ಲಿ ಬಿದಿರು ಕಟ್ಟುವವರ ಹತ್ತಿರ ನಿಂತಿದ್ದ. ಅವನ ಮುಂದೆ ಊರ ಹಿರಿಯ ತಿಪ್ಪೇರುದ್ರಪ್ಪ ಮುಂದಿನ ಕೆಲಸಗಳನ್ನು ಒಪ್ಪಿಸುತ್ತಿದ್ದರು.

"ಅರ್ಧ ದಾರೀಲಿ, ರೈಲ್ವೆ ಗೇಟಿನ ಹತ್ರ ಇಳಿಸ್ತೀವಿ. ಜೀವ ಎಲ್ಲಾರ ಉಳ್ಕೊಂಡಿದ್ರೆ ಅಂತ ಕಿವೀಲಿ ಮೂರು ಸಲ ಕರೀಬೇಕು. ಒಡಹುಟ್ಟಿದೋನು ನೀನೊಬ್ನೇ. ನೀನೇ ಕರೀಬೇಕಪ್ಪ."

ಶ್ರೀನಿವಾಸ ನೆಲ ನೋಡುತ್ತಾ ಹೂಂ ಅನ್ನುವಷ್ಟರಲ್ಲಿ ಚಂದ್ರಕ್ಕ ನೋಟ್‌ಬುಕ್ಕನ್ನು ಸೆರಗಿನಲ್ಲಿ ಹಿಡಿದು, ಬರಿಗೈಯಲ್ಲಿ ಮುಟ್ಟದೆ, ತಂದು ಅವನ ಮುಂದೆ ಹಿಡಿದಳು. ಅವನು ತನ್ನ ಹೆಸರನ್ನು ಓದಿದ. ಮತ್ತೆ ಓದಿದ. ತಿಪ್ಪೇರುದ್ರಪ್ಪನವರೂ ಕನ್ನಡಕ ಹಾಕಿಕೊಂಡು ಓದಿ, ಅರ್ಥವಾಗದ್ದಕ್ಕೆ ತಲೆಯಾಡಿಸಿದರು.

"ಅವಳ ವಸ್ತು ಅವಳ ಜೊತೇಲೇ ಹೋಗ್ಲಿ. ಗುಂಡೀಲಿ ಕಾಲ ದೆಸೆಗೆ ಇಟ್ಟು ಮಣ್ಣು ಮುಚ್ಚಾಣ" ಎಂದರು.

"ಅಣ್ಣ, ನಾನು ಕರಿಯಲ್ಲ" ಎಂದ ಶ್ರೀನಿವಾಸ. "ನೀವೇ ಕರೀರಿ. ಇಲ್ಲಾ ಯಾರಾದ್ರೂ ಕರೀಲಿ."

"ಹಂಗಂದ್ರೆ ಹೆಂಗೋ? ಯಾರೂ ಇಲ್ದೋಳಾ ಅವ್ಳು?"

ಆರು ವರ್ಷದಿಂದ ಅವನು ಅಕ್ಕನನ್ನು ಕರೆದಿರಲಿಲ್ಲ. ಬದುಕಿದ್ದಾಗ ಕರೆಯದವನು ಸತ್ತ ಮೇಲೆ ಕರೆಯುವುದಾದರೂ ಯಾವ ಬಾಯಿಂದ ಎಂದು ಬೆಳಗಿನಿಂದ ಅವನು ಯೋಚಿಸುತ್ತಿದ್ದ. ಈಗ ಕರೆಯದಿರಲು ಒಂದು ನೆಪ ಸಿಕ್ಕಿತು. ಸಿಕ್ಕಿದ್ದಕ್ಕೆ ಸಮಾಧಾನವೂ ಆಗಲಿಲ್ಲ.

* * *

ಎರಡು ಸಾವಿರದ ಮೂರರಲ್ಲಿ ಹೊಸದುರ್ಗದ ಕಡೆಯ ಗುಡ್ಡಗಳ ಮೇಲೆ ಕರೆಂಟ್ ತೆಗೆಯುವ ಗಾಳಿ ಫ್ಯಾನು ನಿಲ್ಲಿಸಲು ಸ್ಪೇನ್ ದೇಶದಿಂದ ನಾಲ್ವರು ಇಂಜಿನಿಯರುಗಳು ಬಂದಿದ್ದರು. ಹೊಳಲ್ಕೆರೆಯಲ್ಲಿ ಬಾಡಿಗೆ ಮನೆ ಹಿಡಿದು, ಖಾರ ಕಡಿಮೆ ಹಾಕಿ ಅಡುಗೆ ಮಾಡುವ ಹೆಂಗಸು ಬೇಕು ಎಂದು ಹುಡುಕುತ್ತಿದ್ದರು. ಅನುಸೂಯ ಹೋದಳು. ಐದು ತಿಂಗಳು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದಳು.

ನಾಲ್ವರಲ್ಲಿ ರಮೋನ್ ಎಂಬವನು ತಲೆ ನರೆತವನು. ತರಕಾರಿ ಹೆಚ್ಚುವಾಗ ಬಂದು ನಿಲ್ಲುತ್ತಿದ್ದ. ಅವಳು ಬದನೆಕಾಯಿ ಎತ್ತಿ ಹಿಡಿದು "ಬದನೆಕಾಯಿ" ಅನ್ನುವಳು. ಅವನು "ಬೆರೆನ್‌ಹೇನಾ" ಅನ್ನುವನು. ಇಬ್ಬರೂ ಇನ್ನೊಬ್ಬರದ್ದನ್ನು ಹೇಳಲು ಹೋಗಿ ತಡವರಿಸಿ ನಗುವರು. ಅಷ್ಟೇ. ಹೊರಡುವಾಗ ಅವನು ತನ್ನ ಕೆಲಸದ ಹುಡುಗರಿಗೆಂದು ತಂದಿದ್ದ ಒಂದು ಪಾಠದ ಪುಸ್ತಕವನ್ನು ಅವಳಿಗೆ ಕೊಟ್ಟು ಹೋದ. ಒಂದು ಕಡೆ ಸ್ಪ್ಯಾನಿಷ್, ಇನ್ನೊಂದು ಕಡೆ ಇಂಗ್ಲಿಷ್. ಎಸ್ಸೆಸ್ಸೆಲ್ಸಿಯ ಇಂಗ್ಲಿಷನ್ನೇ ಊರುಗೋಲು ಮಾಡಿಕೊಂಡು ಅವಳು ಅದರೊಳಗೆ ನಡೆದಳು.

ಯಾಕೆ ಕಲಿತಳು ಎಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲವೇನೋ. ಕನ್ನಡದಲ್ಲಿ ಅವಳಿಗೆ ಮುಂಡೆ ಎಂಬ ಹೆಸರಿತ್ತು, ಕಾಲ್ಗುಣದವಳು ಎಂಬ ಹೆಸರಿತ್ತು. ಆ ಪುಸ್ತಕದಲ್ಲಿ ಬೈಗುಳದ ಪಾಠವೇ ಇರಲಿಲ್ಲ. ಎಲ್ಲರೂ ಎಲ್ಲರನ್ನೂ ಹೇಗಿದ್ದೀರಿ ಎಂದು ಕೇಳುತ್ತಿದ್ದರು.

ಆಡುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಸ್ಪೇನಿನವರು ಹೋದ ಮೇಲೆ ಒಂದು ದಿನ ಚಹದ ಹೋಟೆಲಿನಲ್ಲಿ ಯಾರೋ ಹಲ್ಲು ಕಿಸಿದು ಕೇಳಿದರು: "ಏನಪ್ಪ ಲೈನ್‌ಮನ್ನು, ನಿಮ್ ಬಿಳೀ ಭಾವ ಮತ್ತೆ ಯಾವಾಗ ಬರ್ತಾನೆ?"

ಶ್ರೀನಿವಾಸ ಅರ್ಧ ಲೋಟ ಚಹಾ ಬಿಟ್ಟು ಎದ್ದುಬಂದ. ಅಕ್ಕ ಮೆಷಿನ್ನಿಗೆ ದಾರ ಪೋಣಿಸುತ್ತಿದ್ದಳು. "ಇವತ್ತಿಂದ ನನ್ ಕೂಡ ನೀನಾಗಿ ಮಾತಾಡ್ಬೇಡ. ನಾನಾಗಿ ಆಡಿಸ್ದಾಗ ಆಡು" ಎಂದ. ಏನು ಎತ್ತ ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಬದನೆಕಾಯಿಯ ವಿಷಯ ಹೇಳುತ್ತಿದ್ದಳು.

ಅವನಾಗಿ ಯಾವತ್ತೂ ಆಡಿಸಲಿಲ್ಲ. ಹೇಳಲೇಬೇಕಾದ್ದಿದ್ದರೆ "ಚಂದ್ರೀ, ನಾಳೆ ರಾತ್ರಿ ಕರೆಂಟ್ ಇರಲ್ಲ, ಹೊಲಿಯೋರಿಗೆ ಹೇಳು" ಎಂದು ಗೋಡೆಗೆ ಕೇಳುವಂತೆ ಹೇಳುತ್ತಿದ್ದ. ಗೋಡೆಯ ಆಚೆ ಮೆಷಿನ್ನು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು.

* * *

ಚಟ್ಟ ಸಿದ್ಧವಾಗಿ, ಹಲಗೆ ಬಾರಿಸುವವನು ಎರಡು ಪೆಟ್ಟು ಹಾಕಿದ ಹೊತ್ತಿಗೆ ಬೈಕಿನಲ್ಲಿ ಒಬ್ಬ ಬಂದಿಳಿದ. ಮೂವತ್ತರ ಆಸುಪಾಸು, ಇನ್ ಶರ್ಟು. ಯಾರ ಕಡೆಯವನೆಂದು ಯಾರಿಗೂ ಗೊತ್ತಾಗಲಿಲ್ಲ. ಹೆಣದ ಕಾಲಿಗೆ ಕೈಮುಗಿದು ನಿಂತವನ ಕಣ್ಣಲ್ಲಿ ನೀರು ಬಂದಾಗಂತೂ ಹೆಂಗಸರು ಅಳು ನಿಲ್ಲಿಸಿ ನೋಡಿದರು.

"ಯಾರಪ್ಪ ನೀನು?" ಎಂದು ಕೇಳಿದರು ತಿಪ್ಪೇರುದ್ರಪ್ಪ.

"ಹರೀಶ ಅಂತ್ರಿ. ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ಹತ್ರ ಸೈಬರ್ ಸೆಂಟರ್ ಇಟ್ಕೊಂಡಿದೀನಿ. ಅನುಸೂಯಮ್ಮ ಗುರುವಾರ ಗುರುವಾರ ಬರ್ತಿದ್ರು. ಹೋದ ಗುರುವಾರ ಬರ್ಲಿಲ್ಲ. ಇವತ್ತು ನಿಮ್ಮೂರ ಬಸ್ಸಿನ ಕಂಡಕ್ಟರು ಹೇಳಿದ್ರು, ಹಿಂಗಾಯ್ತು ಅಂತ."

"ಗುರುವಾರ ದಾರ ತರಕ್ಕೆ ಹೋಗ್ತೀನಿ ಅಂತಿದ್ಲು" ಎಂದಳು ಚಂದ್ರಕ್ಕ.

"ದಾರಾನೂ ತರೋರು. ಜೊತೆಗೆ ಇದಕ್ಕೆ ಪಾಠ ತುಂಬಿಸ್ಕೊಂಡು ಹೋಗೋರು" ಎಂದು ಹರೀಶ ಜೇಬಿನಿಂದ ಹೆಬ್ಬೆಟ್ಟಿನಷ್ಟು ದೊಡ್ಡ ಎಂಪಿತ್ರಿ ಪ್ಲೇಯರ್ ತೆಗೆದ. "ಪಾಡ್‌ಕಾಸ್ಟ್ ಅಂತಾರೆ ಇದಕ್ಕೆ. ರೇಡಿಯೊ ಇದ್ದಂಗೆ, ಯಾವಾಗ ಬೇಕಾದ್ರೂ ಕೇಳ್ಬೋದು. ಸ್ಪ್ಯಾನಿಷ್ ಭಾಷೆ ಪಾಠ. ವಾರ ವಾರ ಬರ್ತೈತೆ. ಹೊಸದು ತುಂಬಿಸಿಡು ಅಂತ ಬಿಟ್ಟು ಹೋಗಿದ್ರು."

ಅಷ್ಟರಲ್ಲಿ ಅವನ ಕಣ್ಣು ಚಟ್ಟದ ಪಕ್ಕ ಜೋಡಿಸಿದ್ದ ನೋಟ್‌ಬುಕ್ಕುಗಳ ಮೇಲೆ ಬಿತ್ತು. ಅದರ ಮೇಲೆ ತಿಪ್ಪಕ್ಕ ಇಟ್ಟಿದ್ದ ಒಂದು ನಿಂಬೆಹಣ್ಣಿತ್ತು.

"ಈ ಬುಕ್‌ಗಳ್ನ ಯಾಕ್ರೀ ಇಲ್ಲಿಟ್ಟೀರಿ?"

"ಮಣ್ಣಿಗೆ ಹಾಕಕ್ಕೆ. ನನ್ ಹೆಸರು ಬರ್ದು ಮಾಟ ಮಾಡಾಳೆ" ಎಂದ ಶ್ರೀನಿವಾಸ.

ಹರೀಶ ಅವನನ್ನೇ ನೋಡಿದ. "ಸೀನ ಅಂದ್ರೆ ನೀವೇನಾ ಸಾರ್?"

* * *

ಹೊಳಲ್ಕೆರೆಯ ನೆಟ್ ಅಂದರೆ ಎತ್ತಿನ ಗಾಡಿ. ಒಂದು ಪಾಠ ಇಳಿಯಲು ಒಂದು ಗಂಟೆ. ಅಷ್ಟು ಹೊತ್ತೂ ಅನುಸೂಯ ಸ್ಟೂಲಿನ ಮೇಲೆ ಕೂತು, ಹರೀಶ ಪ್ರಿಂಟ್ ಹಾಕಿಕೊಟ್ಟ ಹಾಳೆಯನ್ನು ಬೆರಳಿಟ್ಟು ಓದುತ್ತಿದ್ದಳು. ಪಾಠದಲ್ಲಿ ಇಬ್ಬರು ಮಾತಾಡುವರು, ಪೇದ್ರೊ ಮತ್ತು ಮರಿಯಾ. ಆಮೇಲೆ ಟೀಚರು, ನೀವೂ ನಿಮ್ಮ ಮನೆಯವರ ಜೊತೆ ಹೀಗೇ ಮಾತಾಡಿ ಅಭ್ಯಾಸ ಮಾಡಿ ಅನ್ನುವಳು.

"ಮನೇಲಿ ಯಾರ್ ಕೂಡ ಮಾತಾಡ್ತೀರಿ?" ಎಂದು ಹರೀಶ ಒಮ್ಮೆ ಕೇಳಿದ್ದ.

"ಬರ್ಕೊಂತೀನಪ್ಪ. ನನ್ ಮಾತೂ ನಾನೇ, ಅವರ ಮಾತೂ ನಾನೇ."

"ಪೇದ್ರೊ ಬದ್ಲು ನನ್ ಹೆಸರು ಹಾಕ್ಕಳ್ರಿ ಮತ್ತೆ" ಎಂದು ಅವನು ತಮಾಷೆ ಮಾಡಿದ.

"ಬ್ಯಾಡಪ್ಪ" ಎಂದು ಅವಳು ನಕ್ಕಳು. "ನಮ್ ಸೀನ ಅದಾನೆ."

* * *

ಹರೀಶ ಜೇಬಿನಲ್ಲಿದ್ದ ಪ್ರಿಂಟ್ ಹಾಳೆಯನ್ನೂ ಒಂದು ನೋಟ್‌ಬುಕ್ಕನ್ನೂ ಪಕ್ಕಪಕ್ಕದಲ್ಲಿ ಜಗಲಿಯ ಮೇಲೆ ಇಟ್ಟು ತೋರಿಸಿದ. ತಾನು ಕಾಲೇಜಿಗೆ ಹೋದವನಾದರೂ ಸ್ಪ್ಯಾನಿಷ್ ಬರುವುದಿಲ್ಲ, ಅನುಸೂಯಮ್ಮ ಹೇಳಿಕೊಟ್ಟ ನಾಲ್ಕು ಮಾತಷ್ಟೇ ಗೊತ್ತು ಎಂದ.

"ಇಲ್ ನೋಡ್ರಿ. ಯಾ ಕೊಮಿಸ್ತೆ, ಸೀನ. ಊಟ ಆಯ್ತಾ ಸೀನ ಅಂತ. ಕೆಳಗೆ ನೀವು, ಆಯ್ತು, ನಿಂದು? ಅಂತೀರಿ."

ತಿಪ್ಪಕ್ಕ ಮೆಲ್ಲಗೆ ನಿಂಬೆಹಣ್ಣು ಎತ್ತಿಕೊಂಡಳು.

"ಆ ಬಿಳಿಯಂದು ಏನೈತೆ ಇದ್ರಾಗೆ?" ಎಂದ ಶ್ರೀನಿವಾಸ. "ಸುಳ್ಳು ಹೇಳ್ಬೇಡ ನಂಗೆ. ಇವತ್ತು ಗೊತ್ತಾಗ್ಲೇಬೇಕು."

"ಕನ್ನಡದಾಗೇ ಐತಲ್ಲ ಸಾರ್. ನೀವೇ ಹುಡುಕ್ರಿ. ಅಕ್ಕ, ಸೀನ ಬಿಟ್ಟು ಇನ್ನೊಂದು ಹೆಸರು ಸಿಕ್ರೆ ತೋರಿಸ್ರಿ."

ಅವನು ಹುಡುಕಿದ. ನಿಂತು ಹುಡುಕಿದ, ಕಾಲು ನೋವು ಬಂದು ಜಗಲಿಯ ಮೇಲೆ ಕೂತು ಹುಡುಕಿದ. ಹೊರಲು ಬಂದವರು ಬೀಡಿ ಹಚ್ಚಿದರು. ಯಾರೂ ಅವಸರ ಮಾಡಲಿಲ್ಲ. ಪ್ರತಿ ಪುಟದ ತಲೆಯಲ್ಲೂ ತಾರೀಕು ಇತ್ತು. ಹೋದ ವರ್ಷ ಆಷಾಢದ ಪುಟಗಳು ಬಂದಾಗ ಅವನ ಬೆರಳು ನಿಂತಿತು. ಅವನು ಕಂಬದಿಂದ ಬಿದ್ದು ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ವಾರ ಅದು. ನಡುಮನೆಯಲ್ಲಿ ಮಲಗಿ ಅವನು ನರಳುವಾಗ ಗೋಡೆಯ ಆಚೆ ಮೆಷಿನ್ನು ತುಳಿಯುವ ಸದ್ದು ನಿಂತೇ ಇರುತ್ತಿತ್ತು. ಎಲ್ಲರೂ ನೋಡಿ ಹೋದರು, ಒಡಹುಟ್ಟಿದವಳು ಬಾಗಿಲಿಗೂ ಬರಲಿಲ್ಲ ಎಂದು ಅವನು ಚಂದ್ರಕ್ಕನ ಹತ್ತಿರ ಆಡಿಕೊಂಡಿದ್ದ.

"ಇದೇನು?" ಎಂದು ಸಾಲು ತೋರಿಸಿದ.

ಹರೀಶ ಓದಿದ. "ತೆ ದ್ವೆಲೆ ಲಾ ಪಿಯೆರ್ನಾ, ಸೀನ. ಇದು ನಂಗೆ ನೆನಪೈತೆ ಸಾರ್. ಆವತ್ತು ಗುರುವಾರ ಅಲ್ಲ, ಮಂಗಳವಾರಾನೇ ಓಡ್ಬಂದಿದ್ರು. ಕಾಲಿಗೆ ಏನಂತಾರೆ, ನೋವಿಗೆ ಏನಂತಾರೆ, ಬೇಗ ಹುಡ್ಕಪ್ಪ ಅಂತ. ಕಾಲು ನೋಯ್ತೈತೇನೋ ಸೀನ ಅಂತ ಕೇಳಾರೆ."

"ನಾ ಏನಂದಿದೀನಿ?"

"ಓಯ್ ಮೆನೋಸ್, ಎರ್ಮಾನಾ. ಇವತ್ತು ಕಮ್ಮಿ ಐತಕ್ಕ ಅಂತ."

"ಅದರ ಕೆಳಗೆ?"

ಹರೀಶ ತಡವರಿಸಿದ. "ಉಳಿದಿದ್ದು ನಂಗೆ ಬರಲ್ಲ ಸಾರ್. ಇಲ್ಲಿ ಯಾರಿಗೂ ಬರಲ್ಲ. ಅವರೊಬ್ರಿಗೇ ಬರ್ತಿತ್ತು."

ಶ್ರೀನಿವಾಸ ಆ ಸಾಲುಗಳನ್ನು ತುಟಿ ಅಲ್ಲಾಡಿಸುತ್ತಾ ತಾನೇ ಓದಿಕೊಂಡ. ಅಕ್ಷರ ಒಂದೊಂದೂ ಬಾಯಿಗೆ ಬಂತು. ಮಾತು ಬರಲಿಲ್ಲ.

"ಇನ್ನೊಂದು ಹೇಳ್ತೀನಿ ಸಾರ್" ಎಂದ ಹರೀಶ. "ಪಾಠದಾಗೆ ಒಂದ್ಸಲ ಮರಿಯಾ ಮೊದ್ಲು ಮಾತಾಡ್ತಾಳೆ, ಒಂದ್ಸಲ ಪೇದ್ರೊ. ಇವ್ರು ಬರ್ಕೊಂಡಿದ್ರಾಗೆ ಪ್ರತೀ ಪುಟದಾಗೂ ಮೊದಲ್ನೇ ಮಾತು ನಿಮ್ದೇ. ಸೀನ: ದೀಮೆ, ಎರ್ಮಾನಾ. ಹೇಳಕ್ಕ ಅಂತ ನೀವು ಅಂದ್ಮೇಲೇನೇ ಅವ್ರು ಬಾಯಿ ಬಿಡೋದು. ಯಾಕಮ್ಮ ಹಿಂಗೆ ಅಂದ್ರೆ, ನಮ್ಮನೇಲಿ ಹಂಗೇ ಕಣಪ್ಪ ಅಂದಿದ್ರು."

ಶ್ರೀನಿವಾಸ ಪುಸ್ತಕ ಮುಚ್ಚಿದ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆಳಗಿನಿಂದ ಅಳದವನು ಈಗ ಅತ್ತದ್ದನ್ನು ನೋಡಲಾರದೆ ಚಂದ್ರಕ್ಕ ನೋಟ್‌ಬುಕ್ಕುಗಳನ್ನೆಲ್ಲ ಬರಿಗೈಯಲ್ಲೇ ಬಾಚಿ ಎದೆಗವಚಿಕೊಂಡು ಒಳಗೆ ಹೋದಳು. ಹರೀಶನಿಗೆ ಕೈಯಲ್ಲಿದ್ದ ಎಂಪಿತ್ರಿಯನ್ನು ಯಾರಿಗೆ ಕೊಡಬೇಕೋ ತಿಳಿಯಲಿಲ್ಲ. ಮತ್ತೆ ಜೇಬಿಗೆ ಹಾಕಿಕೊಂಡ.

"ಏಳಪ್ಪ, ಹೊತ್ತಾಯ್ತು. ಹೋಗಾಣ" ಎಂದರು ತಿಪ್ಪೇರುದ್ರಪ್ಪ.

ಹಲಗೆಯ ಸದ್ದಿನ ಹಿಂದೆ ಹೆಣ ಹೊರಟಿತು. ಶ್ರೀನಿವಾಸ ಕುಂಟುತ್ತಲೇ ಮುಂದಿನ ಬಿದಿರಿಗೆ ಹೆಗಲು ಕೊಟ್ಟ, ಬೇಡವೆಂದರೂ ಬಿಡಲಿಲ್ಲ. ರೈಲ್ವೆ ಗೇಟಿನ ಹತ್ತಿರ ಚಟ್ಟ ಇಳಿಸಿದರು. ಮುಖದ ಮೇಲಿನ ಬಟ್ಟೆ ಸರಿಸಿದರು. ತಿಪ್ಪೇರುದ್ರಪ್ಪ ಅವನ ಕಡೆ ನೋಡಿದರು, ಒತ್ತಾಯ ಮಾಡಲಿಲ್ಲ.

ಅವನು ಮುರಿದಿದ್ದ ಕಾಲನ್ನು ಪಕ್ಕಕ್ಕೆ ಚಾಚಿ, ಕಷ್ಟಪಟ್ಟು ಮಂಡಿಯೂರಿ, ಅವಳ ಕಿವಿಗೆ ಬಾಗಿದ.

"ಅಕ್ಕಾ."

"ಒಂದು" ಎಂದರು ತಿಪ್ಪೇರುದ್ರಪ್ಪ.

"ಅಕ್ಕಾ."

"ಎರಡು."

ಮೂರನೆಯದಕ್ಕೆ ಅವನು ಅವಳ ಕಿವಿಗೆ ಇನ್ನಷ್ಟು ಹತ್ತಿರ ಬಾಗಿದ.

"ಹೇಳಕ್ಕಾ" ಎಂದ.

"ಮೂರು. ಆಯ್ತು, ಏಳಪ್ಪ." ಹಲಗೆ ಮತ್ತೆ ಶುರುವಾಯಿತು. ಹೊರುವವರು ಬಗ್ಗಿ ಬಿದಿರಿಗೆ ಕೈಹಾಕಿದರು. ಶ್ರೀನಿವಾಸ ಏಳಲಿಲ್ಲ. ತಲೆ ತಿರುಗಿಸಿ ತನ್ನ ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತಂದು, ಸದ್ದು ನಿಲ್ಲಿಸು ಎಂದು ಹಲಗೆಯವನ ಕಡೆಗೆ ಒಂದು ಕೈ ಎತ್ತಿದ.